ತನ್ನ ಕೈಯ ತುತ್ತು

ಹುಳು ಮೂರನೇ ಜ್ವರಕ್ಕೆ ಕೂತಿತ್ತು. ರೇಷ್ಮೆಹುಳು ಪೊರೆ ಬಿಡುವ ಹೊತ್ತಿಗೆ ಸೊಪ್ಪು ಮುಟ್ಟುವುದಿಲ್ಲ. ತಲೆಯೆತ್ತಿಕೊಂಡು ಒಂದು ದಿನ ಅಲ್ಲಾಡದೆ ಕೂತುಬಿಡುತ್ತದೆ. ಜಂಗಮಕೋಟೆಯ ಕಡೆ ಅದಕ್ಕೇ ಜ್ವರ ಎನ್ನುತ್ತಾರೆ. ಹುಳು ಸಾಕುವ ಮನೆಯ ಹೆಂಗಸರಿಗೆ ಕೈ ಬಿಡುವಾಗುವುದು ಆ ಒಂದು ದಿನ ಮಾತ್ರ. ತಲೆಗೆ ನೀರು ಹಾಕಿಕೊಳ್ಳುವುದು, ತವರಿಗೆ ಹೋಗಿಬರುವುದು, ಡಾಕ್ಟರಿಗೆ ತೋರಿಸುವುದು ಎಲ್ಲವೂ ಆ ದಿನಕ್ಕೇ ಕಾದಿರುತ್ತವೆ. ಶ್ಯಾಮಲಮ್ಮ ತನ್ನ ಹೊಟ್ಟೆನೋವನ್ನು ಆರು ತಿಂಗಳಿಂದ ಒಂದು ಜ್ವರದಿಂದ ಇನ್ನೊಂದು ಜ್ವರಕ್ಕೆ ಮುಂದೂಡುತ್ತಲೇ ಬಂದಿದ್ದಳು.

ಸಾವಿರದ ಒಂಬೈನೂರ ಅರವತ್ತೆರಡನೇ ಇಸವಿಯ ಮಾತು ಇದು. ಅಂದು ಗಂಡ ರಾಮಾಂಜಿನಪ್ಪ ಬಿಡಲಿಲ್ಲ. ಬಸ್ಸು ಹತ್ತಿಸಿ ಶಿಡ್ಲಘಟ್ಟಕ್ಕೆ ಕರೆದುಕೊಂಡು ಹೋದ. ಡಾಕ್ಟರಮ್ಮ ನೋಡಿ, ಗರ್ಭಕೋಶದಲ್ಲಿ ಗಡ್ಡೆ ಇದೆ, ಬೆಂಗಳೂರಿನಲ್ಲಿ ಆಪರೇಷನ್ ಆಗಬೇಕು, ಇಪ್ಪತ್ತು ದಿನ ಅಲ್ಲೇ ಇರಬೇಕು ಎಂದರು. "ಎರಡು ತಿಂಗಳಿಗಿಂತ ಹೆಚ್ಚು ತಡ ಮಾಡಬೇಡಿ. ಈಗಾಗಲೇ ಮೈಯಲ್ಲಿ ರಕ್ತ ಇಲ್ಲ. ಆಮೇಲೆ ಪ್ರಾಣಕ್ಕೆ ಬರುತ್ತೆ" ಎಂದು ಬರೆದೂ ಕೊಟ್ಟರು.

ಸಂಜೆ ಮನೆಗೆ ಬಂದರೆ ಮಗಳು ಕದಿರಮ್ಮ ಹೊಸ್ತಿಲ ಮೇಲೆ ಕೂತಿದ್ದಳು. ಬೆಳಗಿನಿಂದ ಏನೂ ತಿಂದಿರಲಿಲ್ಲ. ಶ್ಯಾಮಲಮ್ಮ ಸೀರೆ ಕೂಡ ಬದಲಾಯಿಸದೆ ತಟ್ಟೆಗೆ ಮುದ್ದೆ ಹಾಕಿ, ಮುರಿದು, ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಕದಿರಮ್ಮ ಗುಳುಕ್ಕನೆ ನುಂಗಿ ಮತ್ತೆ ಬಾಯಿ ತೆರೆದಳು.

ಕದಿರಮ್ಮನಿಗೆ ಹದಿಮೂರು ವರ್ಷ. ನಡೆಯಲು ಕಲಿತದ್ದು ಐದರಲ್ಲಿ. ಮಾತು ಎಂದರೆ ನಾಲ್ಕೈದು: ಅಮ್ಮ, ಬಾ, ಬ್ಯಾಡ, ಹೂಂ. ನಗು ಮಾತ್ರ ಮನೆ ತುಂಬುವಷ್ಟು. ಹುಳು ಸೊಪ್ಪು ತಿನ್ನುವಾಗ ಸಣ್ಣಮಳೆ ಬಿದ್ದ ಹಾಗೆ ಸದ್ದಾಗುತ್ತದಲ್ಲ, ಅವಳು ಬಿದಿರಿನ ತಟ್ಟೆಗೆ ಕಿವಿ ಕೊಟ್ಟು ಅದನ್ನು ಗಂಟೆಗಟ್ಟಲೆ ಕೇಳುತ್ತಿದ್ದಳು. ಮೀಸುವುದು, ತಲೆ ಬಾಚುವುದು, ಉಣಿಸುವುದು ಎಲ್ಲವೂ ಶ್ಯಾಮಲಮ್ಮನೇ. ಹದಿಮೂರು ವರ್ಷದಲ್ಲಿ ಆ ಮಗುವಿನ ಬಾಯಿಗೆ ಬೇರೆಯವರ ಕೈಯ ತುತ್ತು ಹೋಗಿರಲಿಲ್ಲ.

"ನಾನು ಆಪರೇಷನ್‌ಗೆ ಹೋಗಲ್ಲ" ಎಂದಳು ಶ್ಯಾಮಲಮ್ಮ, ತುತ್ತು ಅದ್ದುತ್ತಾ.

"ಹೋಗಲ್ಲ ಅಂದ್ರೆ?" ರಾಮಾಂಜಿನಪ್ಪ ಕಂಬಕ್ಕೊರಗಿದ.

"ಇವಳಿಗೆ ಯಾರು ತಿನ್ನಿಸ್ತಾರೆ?"

"ನಾನಿಲ್ವೇನೇ?"

"ನೀವು ತಿನ್ನಿಸಿದ್ದು ಗೊತ್ತಿಲ್ವಾ. ಹೋದ ವರ್ಷ ನಮ್ಮಣ್ಣ ತೀರಿಕೊಂಡಾಗ ನಾನು ಎರಡು ದಿನ ಹೋಗಿದ್ನಲ್ಲ. ಬರೀ ನೀರು ಕುಡ್ಕೊಂಡಿತ್ತು ಕೂಸು. ಇಪ್ಪತ್ತು ದಿನ ಅಂದ್ರೆ ನಾನು ಬರೋ ಹೊತ್ತಿಗೆ ಇವಳಿರಲ್ಲ."

ರಾಮಾಂಜಿನಪ್ಪನೂ ಅದನ್ನು ಮರೆತಿರಲಿಲ್ಲ. ಆ ಎರಡು ದಿನ ಮಗಳ ಮುಂದೆ ತಟ್ಟೆ ಹಿಡಿದು ಕೂತು ತಾನೂ ಊಟ ಬಿಟ್ಟಿದ್ದವನು ಅವನು.

ಪಕ್ಕದ ಮನೆಯ ಆದಿಲಕ್ಷ್ಮಮ್ಮನಿಗೆ ಸುದ್ದಿ ಮುಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳು ಆಂಧ್ರದ ಗಡಿಯಿಂದ ಬಂದ ಸೊಸೆ. ಮುದ್ದು ಬಂದರೂ ಸಿಟ್ಟು ಬಂದರೂ ನಾಲಿಗೆ ತೆಲುಗಿಗೆ ತಿರುಗುತ್ತಿತ್ತು. ನಾಲಿಗೆ ಹರಿತವಾದರೂ ಕೈ ಮೆತ್ತಗೆ. ಒಂದು ಕೈಯಲ್ಲಿ ಬಸ್ಸಾರಿನ ತಪ್ಪಲೆ ಹಿಡಿದು ಬಂದಳು.

"ಏನೇ ಶ್ಯಾಮಲ, ಸಾಯೋಕೆ ಕೂತಿದೀಯಂತೆ?"

"ಕೂಸಿನ ಎದುರಿಗೆ ಹಂಗನ್ನಬೇಡ ಅಕ್ಕ."

"ಅದಕ್ಕೇನ್ ತಿಳೀತದೆ, ಪಿಚ್ಚಿ ತಲ್ಲಿ." ಹುಚ್ಚುತಾಯಿ ಎಂದು ತೆಲುಗಿನಲ್ಲಿ ಮುದ್ದಿಸಿ ಆದಿಲಕ್ಷ್ಮಮ್ಮ ಹುಡುಗಿಯ ಗಲ್ಲ ಸವರಿ ನಿಟ್ಟುಸಿರಿಟ್ಟಳು. "ಬಸುರೀಲಿ ಗ್ರಹಣದ ದಿನ ಸೊಪ್ಪು ಕುಯ್ಯಬೇಡ ಅಂತ ಬಡ್ಕೊಂಡೆ. ಕೇಳಿದ್ಯಾ?"

ಶ್ಯಾಮಲಮ್ಮ ತಲೆ ತಗ್ಗಿಸಿದಳು. ಆ ಮಾತು ಅವಳಿಗೆ ಹೊಸದಲ್ಲ. ಆದಿಲಕ್ಷ್ಮಮ್ಮ ವರ್ಷಕ್ಕೊಮ್ಮೆ ಹೇಳಿದರೆ ಅವಳು ತನಗೆ ತಾನೇ ದಿನಕ್ಕೆ ಮೂರು ಸಲ ಹೇಳಿಕೊಳ್ಳುತ್ತಿದ್ದಳು, ಪ್ರತಿ ಊಟಕ್ಕೂ. ತನ್ನ ತಪ್ಪಿಗೆ ಮಗು ಹೀಗಾಯಿತು. ಕೊನೆಯವರೆಗೂ ಇದಕ್ಕೆ ತುತ್ತಿಡುವುದೇ ತನ್ನ ಪ್ರಾಯಶ್ಚಿತ್ತ ಎಂದುಕೊಂಡಿದ್ದಳು.

ಮಾರನೆಯ ದಿನ ಬುಧವಾರ. ಗ್ರಾಮಸೇವಕಿ ಲಕ್ಷ್ಮಿದೇವಮ್ಮ ಊರಿಗೆ ಬರುವ ದಿನ. ಇಪ್ಪತ್ತೈದರ ಹರೆಯದ ಹುಡುಗಿ. ಚಿಂತಾಮಣಿಯ ಆಚೆ, ಅಂಬಾಜಿದುರ್ಗದ ಕೆಳಗಿನ ಒಂದು ಹಳ್ಳಿಯಲ್ಲಿ, ಊರ ಹೊರಗಿನ ಕೇರಿಯಲ್ಲಿ ಹುಟ್ಟಿ ಮೆಟ್ರಿಕ್ ಮುಗಿಸಿ ಸರ್ಕಾರದ ಕೆಲಸಕ್ಕೆ ಬಂದವಳು. ಯಾವ ಜಾತಿ ಎಂದು ಊರಿಗೆ ಗೊತ್ತಿದ್ದುದರಿಂದ ಯಾರೂ ಅವಳನ್ನು ಒಳಗೆ ಕರೆಯುತ್ತಿರಲಿಲ್ಲ. ಅವಳೂ ಜಗಲಿಯ ಅಂಚಿನಲ್ಲೇ ಕೂತು, ಕೂಸುಗಳ ತೂಕದಿಂದ ಹಿಡಿದು ಬಚ್ಚಲ ಗುಂಡಿಯವರೆಗೆ ಎಲ್ಲವನ್ನೂ ಮಾತಾಡಿ ಹೋಗುತ್ತಿದ್ದಳು.

ಅಂದು ಶ್ಯಾಮಲಮ್ಮನ ಜಗಲಿಯಲ್ಲಿ ಆದಿಲಕ್ಷ್ಮಮ್ಮ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದಳು. ಲಕ್ಷ್ಮಿದೇವಮ್ಮ ಕೇಳುತ್ತಾ ಕೇಳುತ್ತಾ ಪಕ್ಕದಲ್ಲಿ ಬಂದು ಕೂತ ಕದಿರಮ್ಮನ ಕೈ ಹಿಡಿದು ನೋಡಿದಳು. ಬೆರಳ ತುದಿಗಳೆಲ್ಲ ನೇರಳೆ ಬಣ್ಣ. ತುಟಿಯ ಅಂಚೂ ಅಷ್ಟೇ.

"ಹಿಪ್ಪುನೇರಳೆ ಹಣ್ಣು ತಿಂದ್ಯಾ ಕದಿರಮ್ಮ?"

ಕದಿರಮ್ಮ ಬೆರಳು ಬಿಚ್ಚಿ ತೋರಿಸಿ, "ಹೂಂ" ಎಂದಳು.

"ಅಕ್ಕ, ಈ ಹಣ್ಣು ಯಾರು ತಿನ್ನಿಸಿದ್ರು?"

"ಯಾರೂ ಇಲ್ಲ. ತೋಟಕ್ಕೆ ನನ್ನ ಹಿಂದೆ ಬರ್ತಾಳೆ. ನಾನು ಸೊಪ್ಪು ಕುಯ್ತಾ ಇದ್ರೆ ಗಿಡದಡಿ ಕೂತಿರ್ತಾಳೆ" ಎಂದ ಶ್ಯಾಮಲಮ್ಮ ಮಗಳ ಬೆರಳು ನೋಡಿದಳು. ಆ ಬಣ್ಣವನ್ನು ಅವಳೇ ಎಷ್ಟೋ ಸಂಜೆ ಉಜ್ಜಿ ತೊಳೆದಿದ್ದಳು. ಅದು ಏನು ಹೇಳುತ್ತಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಹಣ್ಣು ಎಲ್ಲಿದೆ ಅಂತ ಹುಡುಕ್ತಾಳೆ, ಕಾಯಿ ಬಿಟ್ಟು ಹಣ್ಣಾಗಿದ್ದನ್ನ ಕೀಳ್ತಾಳೆ, ಬಾಯಿಗೆ ಹಾಕ್ಕೊಳ್ತಾಳೆ. ತಿನ್ನೋಕೆ ಬರುತ್ತಲ್ಲ ಅಕ್ಕ."

"ಹಣ್ಣು ಬೇರೆ, ಮುದ್ದೆ ಬೇರೆ."

"ಬೇರೆನೇ. ಮುದ್ದೆ ಕಲೀಬೇಕು. ಆದ್ರೆ ಕೈ, ಬಾಯಿ ಅವೇ." ಲಕ್ಷ್ಮಿದೇವಮ್ಮ ಮಾತು ಬದಲಿಸಿದಳು. "ಹುಳು ಜ್ವರದಿಂದ ಎದ್ದಿದೆಯಾ?"

"ಅರ್ಧ ಎದ್ದಿದೆ, ಅರ್ಧ ಕೂತಿದೆ."

"ಎದ್ದಿದ್ದಕ್ಕೆ ಸೊಪ್ಪು ಹಾಕಿದ್ರಾ?"

"ಅದೆಂಗೆ ಹಾಕ್ಲಿ? ಎಲ್ಲಾ ಏಳಬೇಕು. ಮುಂಚೆನೇ ಹಾಕಿದ್ರೆ ಹಿಂದೆ ಬಿದ್ದಿದ್ದು ಸೊಪ್ಪಿನಡಿ ಸಿಕ್ಕೊಳ್ತದೆ. ತೀರಾ ತಡವಾದ್ರೆ ಬೇರೆ ತಟ್ಟೆಗೆ ಎತ್ತಿಟ್ಕೊಂಡು ಸಾಕ್ತೀನಿ."

"ಪೊರೆ ಬಿಡೋಕೆ ಒದ್ದಾಡ್ತಿದ್ರೆ ನೀವೇ ಬಿಡಿಸಿಬಿಡ್ತೀರಾ?"

"ಛೆ. ಕೈ ಹಾಕಿದ್ರೆ ಸತ್ತೋಗ್ತದೆ. ಅದೇ ಬಿಟ್ಕೋಬೇಕು, ನಾವು..." ಶ್ಯಾಮಲಮ್ಮನಿಗೆ ಮಾತು ಎಲ್ಲಿಗೆ ಹೋಗುತ್ತಿದೆ ಎಂದು ಹೊಳೆಯಿತು. ಮುಖ ಕೆಂಪಾಯಿತು. "ನನ್ನ ಮಗಳು ಹುಳ ಅಲ್ಲ ಕಣಮ್ಮ."

"ಅಲ್ಲ ಅಕ್ಕ. ಹುಳಕ್ಕೇ ಅಷ್ಟು ಕಾಯೋರು ಮಗಳಿಗೆ ಕಾಯಲ್ವಾ ಅಂದೆ."

"ನಿನಗೇನು ಗೊತ್ತು? ಹಡೆದವಳಿಗೆ ಗೊತ್ತು."

"ನಾನು ಹಡೆದಿಲ್ಲ, ಸಾಕಿದೀನಿ." ಲಕ್ಷ್ಮಿದೇವಮ್ಮ ಬೇಸರ ಮಾಡಿಕೊಳ್ಳಲಿಲ್ಲ. "ನನ್ನ ತಮ್ಮ ಎರ್ರಪ್ಪ ಹಿಂಗೇನೇ. ನಮ್ಮವ್ವ ಕೂಲಿಗೆ ಹೋಗಲೇಬೇಕಿತ್ತು, ನಾನು ಸ್ಕೂಲಿಗೆ. ಅವನಿಗೆ ತಿನ್ನೋದು ಕಲಿಸೋಕೆ ಒಂದು ಮಳೆಗಾಲ ಪೂರ್ತಿ ಹಿಡೀತು. ಈಗ ತಾನೇ ತಿಂತಾನೆ, ತಟ್ಟೆ ತೊಳೀತಾನೆ. ಅಂಗಿ ಗುಂಡಿ ಮಾತ್ರ ಇವತ್ತಿಗೂ ಹಾಕ್ಕೊಳ್ಳೋಕೆ ಬರಲ್ಲ. ಬರದಿದ್ರೆ ಬೇಡ, ನಾವು ಹಾಕ್ತೀವಿ. ಇದಕ್ಕೆ ಮದ್ದಿಲ್ಲ, ಮಂತ್ರನೂ ಇಲ್ಲ ಅಕ್ಕ. ರೋಗ ಆಗಿದ್ರೆ ತಾನೇ ವಾಸಿ ಆಗೋದು? ಅವನು ಇರೋದೇ ಹಂಗೆ. ಎಲ್ಲಾನೂ ನಿಧಾನಕ್ಕೆ ಕಲೀತಾನೆ, ಕೆಲವನ್ನ ಕಲಿಯಲ್ಲ."

ಶ್ಯಾಮಲಮ್ಮ ಮೆಲ್ಲಗೆ ಕೇಳಿದಳು. "ನಿಮ್ಮವ್ವನೂ ಗ್ರಹಣದಲ್ಲಿ ಏನಾದ್ರೂ..."

"ನಮ್ಮವ್ವ ಗ್ರಹಣದ ದಿನ ಬಾಗಿಲು ಹಾಕ್ಕೊಂಡು ಕೂತಿದ್ಲಂತೆ. ಆದ್ರೂ ಎರ್ರಪ್ಪ ಹುಟ್ಟಿದ. ಹುಳಕ್ಕೇನು ಗ್ರಹಣ ಗೊತ್ತಾ ಅಕ್ಕ? ಹೊತ್ತಿಗೆ ಸರಿಯಾಗಿ ಸೊಪ್ಪು ಬೇಕು ತಾನೆ? ಈ ತಾಲ್ಲೂಕಿನಲ್ಲಿ ಗ್ರಹಣದ ದಿನ ಸೊಪ್ಪು ಕುಯ್ದ ಬಸುರೇರು ಎಷ್ಟು ಜನ ಇದಾರೆ, ಎಣಿಸಿ ನೋಡಿ. ಆ ಮಕ್ಕಳೆಲ್ಲ ಸ್ಕೂಲಲ್ಲಿ ಮಗ್ಗಿ ಹೇಳ್ತಿದಾವೆ."

ಆದಿಲಕ್ಷ್ಮಮ್ಮ ಎರಡನೇ ಮಗನನ್ನು ಹೊತ್ತಿದ್ದಾಗ ತಾನೂ ಗ್ರಹಣದ ದಿನ ಸೊಪ್ಪು ತಂದದ್ದು ನೆನಪಾಗಿ ಬೇರೆ ಕಡೆ ನೋಡಿದಳು. ಶ್ಯಾಮಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಹದಿಮೂರು ವರ್ಷದ ಭಾರ ಒಂದೇ ಮಾತಿಗೆ ಇಳಿಯುವುದಿಲ್ಲ. ಆದರೂ ಅದು ಒಂದು ಕಡೆ ಸ್ವಲ್ಪ ಸಡಿಲಾಯಿತು.

ಅಷ್ಟರಲ್ಲಿ ಕದಿರಮ್ಮ ಎದ್ದು ಲಕ್ಷ್ಮಿದೇವಮ್ಮನ ಕೈ ಹಿಡಿದು, "ಬಾ" ಎಂದು ಒಳಕ್ಕೆ ಎಳೆದಳು. ಊಟದ ಹೊತ್ತಾಗಿತ್ತು. ಲಕ್ಷ್ಮಿದೇವಮ್ಮ ಹೊಸ್ತಿಲ ಬಳಿ ನಿಂತುಬಿಟ್ಟಳು. ಶ್ಯಾಮಲಮ್ಮ ಒಮ್ಮೆ ಆದಿಲಕ್ಷ್ಮಮ್ಮನ ಕಡೆ ನೋಡಿದಳು, ಒಮ್ಮೆ ಮಗಳ ಕಡೆ ನೋಡಿದಳು. ಆಮೇಲೆ, "ಕರೀತಿದಾಳಲ್ಲಮ್ಮ, ಒಳಗೆ ಬಾ" ಎಂದು ಚಾಪೆ ಹಾಸಿದಳು.

ಕಲಿಸುವುದು ಆ ಚಾಪೆಯ ಮೇಲೇ ಶುರುವಾಯಿತು. ಲಕ್ಷ್ಮಿದೇವಮ್ಮ ಅಂಚು ಎತ್ತರವಿದ್ದ ಒಂದು ತಟ್ಟೆ ಕೇಳಿದಳು; ಅದು ಜಾರದ ಹಾಗೆ ಕೆಳಗೆ ಒದ್ದೆ ಬಟ್ಟೆ ಹಾಸಿದಳು. ಮುದ್ದೆಯನ್ನು ಮೊದಲೇ ಸಣ್ಣ ಉಂಡೆ ಮಾಡಿಟ್ಟಳು. "ಇವತ್ತು ಮುರಿಯೋದೂ ಬೇಡ, ಅದ್ದೋದೂ ಬೇಡ. ಅದ್ದಿದ ತುತ್ತು ಬಾಯಿಗೆ ಹೋಗೋದೊಂದೇ ಪಾಠ. ಅವಳ ಕೈ ಮೇಲೆ ನಿಮ್ಮ ಕೈ ಇರ್ಲಿ. ತುತ್ತು ಅವಳ ಬೆರಳಲ್ಲಿರ್ಲಿ."

ಒಂದು ವಾರ ಹಾಗೆ ಮಾಡಬೇಕು. ಆಮೇಲೆ ಮಣಿಕಟ್ಟು ಹಿಡಿದರೆ ಸಾಕು. ಆಮೇಲೆ ಮೊಣಕೈ. ಕೊನೆಗೆ ಪಕ್ಕದಲ್ಲಿ ಕೂತರೆ ಸಾಕು. ಜಾಗ ಅದೇ, ತಟ್ಟೆ ಅದೇ, ಹೊತ್ತು ಅದೇ. ಸರಿಯಾದಾಗ ಬಾಯಿ ತುಂಬ ಹೊಗಳಬೇಕು. ಚೆಲ್ಲಿದಾಗ ಬಾಯಿ ಮುಚ್ಚಿಕೊಂಡಿರಬೇಕು.

ಮುಂದಿನ ಬುಧವಾರ ಲಕ್ಷ್ಮಿದೇವಮ್ಮ ಬಂದು, "ಎಷ್ಟು ತುತ್ತು ತಾನೇ ತಿಂದ್ಲು?" ಎಂದಳು.

ಶ್ಯಾಮಲಮ್ಮ ಉಗುರು ನೋಡಿಕೊಂಡಳು. "ಮೊದಲನೇದು."

"ಮಿಕ್ಕಿದ್ದು?"

"ಬಾಯಿ ತೆರ್ಕೊಂಡು ನನ್ನೇ ನೋಡ್ತಾಳೆ. ಕೈ ತಡೀಲಿಲ್ಲ."

ಲಕ್ಷ್ಮಿದೇವಮ್ಮ ನಕ್ಕಳು. "ಒಂದು ತುತ್ತಾದ್ರೂ ಆಯ್ತಲ್ಲ. ನಮ್ಮವ್ವನೂ ಹಿಂಗೇ ಕಳ್ಳತನ ಮಾಡ್ತಿದ್ಲು. ನಾಳೆ ಎರಡಾಗಲಿ. ನಿಮ್ಮ ಕೈ ತಡೀದಿದ್ರೆ ತೊಡೆ ಕೆಳಗೆ ಹಾಕ್ಕೊಂಡು ಕೂತ್ಕೊಳಿ."

ಶ್ಯಾಮಲಮ್ಮ ನಿಜವಾಗಿಯೂ ಹಾಗೇ ಮಾಡಿದಳು. ಬಲಗೈಯನ್ನು ತೊಡೆಯಡಿ ಇಟ್ಟುಕೊಂಡು ಕೂತಳು. ಮಗಳು ಬಾಯಿ ತೆರೆದಳು, ಅತ್ತಳು, ತಟ್ಟೆ ತಳ್ಳಿದಳು. ಒಂದು ದಿನ ಸಾರೆಲ್ಲ ಲಂಗದ ಮೇಲೆ ಹರಿಯಿತು. ಹುಳುಮನೆಯಲ್ಲಿ ಐದು ಸಲ ಸೊಪ್ಪು ಹಾಕಿ ಬಂದ ಸುಸ್ತಿನಲ್ಲಿ, ಹೊಟ್ಟೆ ಹಿಂಡುವ ನೋವಿನಲ್ಲಿ, ಇನ್ನು ಸಾಕು ಎಂದು ತುತ್ತೆತ್ತಿದಳು. ಎದುರಿಗೆ ಉಣ್ಣುತ್ತಿದ್ದ ರಾಮಾಂಜಿನಪ್ಪ ತನ್ನ ತಟ್ಟೆ ಎತ್ತಿಕೊಂಡು ಬಂದು ಮಗಳ ಪಕ್ಕ ಕೂತು, ನಿಧಾನವಾಗಿ, ಅವಳಿಗೆ ಕಾಣುವ ಹಾಗೆ ಮುರಿದು ಅದ್ದಿ ತಿನ್ನತೊಡಗಿದ. ಕದಿರಮ್ಮ ಅಪ್ಪನ ಕೈಯನ್ನೇ ನೋಡಿದಳು. ಆಮೇಲೆ ಅವಳ ಕೈ ತಟ್ಟೆಗಿಳಿಯಿತು. ಅಂದಿನಿಂದ ಅವನು ಪ್ರತಿ ಊಟಕ್ಕೂ ಅಲ್ಲೇ ಕೂತ.

ನಾಲ್ಕನೇ ವಾರ ಆದಿಲಕ್ಷ್ಮಮ್ಮ ಬಂದಾಗ ಕದಿರಮ್ಮನ ಗಲ್ಲ, ಮೂಗು, ಮೊಣಕೈವರೆಗೆ ಹುರುಳಿಸಾರು.

"ಅಯ್ಯೋ ರಾಮ, ಏನಿದು ವೇಷ? ಮಗೂಗೆ ನಾಲ್ಕು ತುತ್ತಿಡೋಕೂ ಸೋಮಾರಿತನ ಬಂತಾ ನಿನಗೆ? ಈ ಪಿಚ್ಚಿ ತಿನ್ನೋದು ಕಲಿತು ಯಾವ ರಾಜ್ಯ ಆಳಬೇಕು?"

ಶ್ಯಾಮಲಮ್ಮ ಯಾವತ್ತೂ ಆದಿಲಕ್ಷ್ಮಮ್ಮನಿಗೆ ಎದುರಾಡಿದವಳಲ್ಲ. ಅಂದು ಮಾತ್ರ ಎದ್ದು ನಿಂತಳು. ದನಿ ಏರಲಿಲ್ಲ.

"ಅಕ್ಕ, ಅವಳ ಹೆಸರು ಕದಿರಮ್ಮ. ನೀನೇ ತೊಟ್ಟಿಲಲ್ಲಿ ಕೂಗಿದ ಹೆಸರು. ಇನ್ನ ಮೇಲೆ ಆ ಹೆಸರಲ್ಲೇ ಕರಿ. ಯಾವ ರಾಜ್ಯನೂ ಆಳೋದು ಬೇಡ. ಹಸಿವಾದಾಗ ತನ್ನ ಅನ್ನ ತಾನು ತಿನ್ಲಿ, ನಾನು ಇರ್ಲಿ ಇಲ್ಲದೇ ಹೋಗ್ಲಿ. ಇನ್ನೊಂದು ಮಾತು. ನಾನು ಆಸ್ಪತ್ರೇಲಿದ್ದಾಗ ಮನೆಯವರು ಒಂದೊಂದು ದಿನ ನನ್ನ ಹತ್ರ ಬರಬೇಕಾಗ್ತದೆ. ಆ ದಿನ ಇವಳ ಪಕ್ಕ ಕೂತ್ಕೊಳ್ಳೋಕೆ ಒಬ್ರು ಬೇಕು. ನಿನ್ನನ್ನ ಬಿಟ್ಟು ನಾನು ಯಾರನ್ನ ಕೇಳ್ಲಿ?"

ಹದಿಮೂರು ವರ್ಷದಲ್ಲಿ ಆದಿಲಕ್ಷ್ಮಮ್ಮ ಅಯ್ಯೋ ಪಾಪ ಎಂದಿದ್ದಳೇ ಹೊರತು ಈ ಮನೆಯವರು ಅವಳಿಂದ ಒಂದು ಸಹಾಯವನ್ನೂ ಕೇಳಿರಲಿಲ್ಲ. ಅವಳು ನೆಲಕ್ಕೆ ಕೂತು ಸೆರಗಿನ ತುದಿಯಿಂದ ಹುಡುಗಿಯ ಮೂಗು ಒರೆಸಿದಳು.

"ತಿನು ತಲ್ಲಿ, ತಿನು. ಕದಿರಮ್ಮ, ತಿನು."

ಆ ಬೆಳೆಯ ಗೂಡು ಮಾರುಕಟ್ಟೆಗೆ ಹೋಯಿತು. ಮುಂದಿನ ಬೆಳೆಗೆ ಮೊಟ್ಟೆ ತರುವುದು ಬೇಡ ಎಂದು ರಾಮಾಂಜಿನಪ್ಪನೇ ನಿರ್ಧರಿಸಿದ. ಎರಡು ತಿಂಗಳು ತುಂಬಲು ಎಂಟು ದಿನವಿರುವಾಗ ಶ್ಯಾಮಲಮ್ಮ ಬೆಂಗಳೂರಿಗೆ ಹೊರಟಳು. ಹೊರಡುವ ಹೊತ್ತಿಗೆ ಕದಿರಮ್ಮ ಊಟಕ್ಕೆ ಕೂತಿದ್ದಳು. ಶ್ಯಾಮಲಮ್ಮ ಸುಳ್ಳು ಹೇಳಿ ಜಾರಿಕೊಳ್ಳಲಿಲ್ಲ. ಲಕ್ಷ್ಮಿದೇವಮ್ಮ ಹೇಳಿಕೊಟ್ಟ ಹಾಗೆ ಎದುರಿಗೆ ಕೂತು, ತನ್ನ ಹೊಟ್ಟೆ ತೋರಿಸಿ, "ಅಮ್ಮಂಗೆ ನೋವು. ಆಸ್ಪತ್ರೆಗೆ ಹೋಗ್ತೀನಿ. ವಾಸಿ ಮಾಡ್ಕೊಂಡು ಬರ್ತೀನಿ" ಎಂದು ಮೂರು ಸಲ ಹೇಳಿದಳು. ಕದಿರಮ್ಮ "ಹೂಂ" ಎಂದು ತಟ್ಟೆಗೆ ಕೈ ಹಾಕಿದಳು. ಅಳುತ್ತಾಳೆ, ಸೆರಗು ಹಿಡಿಯುತ್ತಾಳೆ ಎಂದುಕೊಂಡಿದ್ದ ತಾಯಿಗೆ ಸಮಾಧಾನವೂ ಆಯಿತು, ಸ್ವಲ್ಪ ಸಂಕಟವೂ ಆಯಿತು. ಬಸ್ಸಿನಲ್ಲಿ ದೇವನಹಳ್ಳಿ ದಾಟುವವರೆಗೂ ಕಣ್ಣೊರೆಸಿಕೊಳ್ಳುತ್ತಲೇ ಇದ್ದಳು.

ಆಪರೇಷನ್ ಆಯಿತು. ಆರನೇ ದಿನ ರಾಮಾಂಜಿನಪ್ಪ ಊರಿನಿಂದ ಬಂದು ಮಂಚದ ಪಕ್ಕ ಕೂತ. ನೋವು ಹೇಗಿದೆ ಎಂದು ಅವನು ಕೇಳುವ ಮೊದಲೇ ಶ್ಯಾಮಲಮ್ಮ ಕೇಳಿದಳು.

"ತಿಂದ್ಲಾ?"

"ಮೊದಲನೇ ದಿನ ರಾತ್ರಿ ತಿನ್ನಲಿಲ್ಲ. ಬಾಗಿಲು ನೋಡ್ಕೊಂಡು ಕೂತಿದ್ಲು. ಬೆಳಿಗ್ಗೆ ತಟ್ಟೆ ಇಟ್ಟು ನಾನೂ ಕೂತೆ. ಅರ್ಧ ಮುದ್ದೆ ತಿಂದ್ಲು. ಆಮೇಲೆ ದಿನಾ ತಿಂತಿದಾಳೆ."

ಶ್ಯಾಮಲಮ್ಮ ಕಣ್ಣು ಮುಚ್ಚಿ ತೆರೆದಳು.

"ಆದ್ರೆ ಮೊನ್ನೆ ಒಂದು ರಂಪ ಆಯ್ತು" ಎಂದ ರಾಮಾಂಜಿನಪ್ಪ.

"ಏನಾಯ್ತು?"

"ಆದಿಲಕ್ಷ್ಮಕ್ಕ ಅವರ ಮನೆ ಸಾರು ತಂದು ಬಡಿಸಿದ್ಲು. ಇವಳು ಒಂದು ತುತ್ತು ಬಾಯಿಗಿಟ್ಟು, ಬ್ಯಾಡ ಅಂತ ತಟ್ಟೆ ತಳ್ಳಿದ್ಲು. ಅಕ್ಕ ಹೆದರ್ಕೊಂಡ್ಲು, ಮತ್ತೆ ಊಟ ಬಿಟ್ಲು ಅಂತ. ನೋಡಿದ್ರೆ ಇವಳು ಎದ್ದು ಅಡುಗೆಮನೆಗೆ ಹೋದ್ಲು. ಉಪ್ಪಿನ ಗಡಿಗೆ ಎತ್ಕೊಂಡು ಬಂದು ಅಕ್ಕನ ಮುಂದೆ ಕುಕ್ಕಿದ್ಲು."

"ಉಪ್ಪು?"

"ಅಕ್ಕ ಸಾರು ನೆಕ್ಕಿ ನೋಡಿದ್ರೆ ಉಪ್ಪೇ ಹಾಕಿಲ್ಲ. 'ಮೂವತ್ತು ವರ್ಷದಿಂದ ಅಡುಗೆ ಮಾಡ್ತಿದೀನಿ, ನನ್ನ ಗಂಡ ಕೂಡ ತಪ್ಪು ತೆಗೆದಿಲ್ಲ' ಅಂತ ಬೀದಿಗೆಲ್ಲಾ ಹೇಳ್ಕೊಂಡು ಬಂದ್ಲು. ಈಗ ಏನ್ ಮಾಡಿದ್ರೂ ಮೊದಲು ಒಂದು ಸೌಟು ಇವಳಿಗೆ ತಂದು, 'ನೋಡೇ ಕದಿರಮ್ಮ, ಸರಿಯಾಗಿದೆಯಾ' ಅಂತ ಕೇಳ್ತಾಳೆ. ಇವಳು ಹೂಂ ಅಂದ್ರೇನೇ ಅವರ ಮನೇಲಿ ಊಟ."

ಶ್ಯಾಮಲಮ್ಮನಿಗೆ ನಗು ಬಂತು. ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡಳು. ನಗುತ್ತಲೇ ಕಣ್ಣು ತುಂಬಿತು.

"ಹದಿಮೂರು ವರ್ಷ ತಿನ್ನಿಸಿದೀನಿ ಕಣ್ರೀ" ಎಂದಳು. "ಉಪ್ಪು ಸಾಕಾ ಅಂತ ಒಂದು ದಿನಾನೂ ಅವಳನ್ನ ಕೇಳಲಿಲ್ಲ ನಾನು."

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಬೀದಿಯಲ್ಲೂ ಒಬ್ಬಳು ಕದಿರಮ್ಮನೋ ಒಬ್ಬ ಎರ್ರಪ್ಪನೋ ಇರುತ್ತಾರೆ. ಒಳಕೋಣೆಯಲ್ಲಿ ಇದ್ದುದರಿಂದ ನೀವು ನೋಡಿಲ್ಲದಿರಬಹುದು. ಅವರನ್ನು ಹೆಸರು ಹಿಡಿದು ಕರೆಯಿರಿ. ಪಕ್ಕದಲ್ಲಿರುವವರನ್ನು ಕೇಳುವ ಬದಲು ಅವರನ್ನೇ ಕೇಳಿ. ಉತ್ತರ ಬರುವುದು ತಡವಾದರೆ ಕಾಯಿರಿ. ಮಾತಿಲ್ಲದವರು ಕೈಯಿಂದ ಹೇಳುತ್ತಾರೆ, ಮುಖದಿಂದ ಹೇಳುತ್ತಾರೆ.

ಮನೆಯಲ್ಲಿ ಅಂಥ ಮಗುವಿದ್ದರೆ ಅದು ಯಾರ ಪಾಪದ ಫಲವೂ ಅಲ್ಲ. ಗ್ರಹಣ, ಶಾಪ ಎಂದು ತಾಯಿಯನ್ನು ಕುಟುಕಬೇಡಿ. ಅವಳಿಗೆ ನಿಮ್ಮ ಮರುಕಕ್ಕಿಂತ ನಿಮ್ಮ ಒಂದು ಗಂಟೆ ದೊಡ್ಡದು. ಇವತ್ತೇ ಹೋಗಿ ಮಗುವಿನ ಪಕ್ಕ ಕೂತುಕೊಳ್ಳಿ, ಅವಳು ಒಂದು ಗಳಿಗೆ ಬೆನ್ನು ಚಾಚಲಿ. ಮದುವೆಗೆ, ಹಬ್ಬಕ್ಕೆ ಕರೆಯುವಾಗ ಆ ಮಗುವನ್ನೂ ಕರೆಯಿರಿ; ಪಂಕ್ತಿಯಲ್ಲಿ ಎಲ್ಲರ ನಡುವೆ ಎಲೆ ಹಾಕಿ.

ಇನ್ನು ನೀವೇ ಆ ತಾಯಿ, ನೀವೇ ಆ ತಂದೆಯಾಗಿದ್ದರೆ, ಒಂದು ಕೆಲಸ ಆರಿಸಿಕೊಳ್ಳಿ. ಒಂದೇ ಒಂದು. ಅದನ್ನು ಚೂರು ಚೂರಾಗಿ ಮಾಡಿ ದಿನವೂ ಅದೇ ಹೊತ್ತಿಗೆ ಕಲಿಸಿ. ಚೆಲ್ಲಿದರೆ ಒರೆಸಿದರಾಯಿತು. ಕಲಿಯದೇ ಹೋದರೂ ಅವರಿಗೆ ಸಲ್ಲುವ ಅಕ್ಕರೆ, ಅವರಿಗೆ ಸಲ್ಲುವ ಮರ್ಯಾದೆ ಕಡಿಮೆಯಾಗುವುದಿಲ್ಲ. ನಿಮ್ಮ ಊರಿನ ಗ್ರಾಮಸೇವಕಿಯನ್ನು, ದಾದಿಯನ್ನು, ಮೇಷ್ಟರನ್ನು ಕೇಳಿ. ಅವರಿಗೆ ಗೊತ್ತಿಲ್ಲದಿದ್ದರೆ ಗೊತ್ತಿರುವವರನ್ನು ಹುಡುಕಿಕೊಡಿ ಎಂದು ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ. ನಿಮ್ಮ ಮಗುವಿನ ಪರವಾಗಿ ಮೊದಲ ಮಾತು ಆಡಬೇಕಾದವರು ನೀವೇ.